‘ಪರಿಸರ ಅನುಮತಿ ಸಿಕ್ಕಿದೆ’ ಎಂದು ಗಣಿ ಕಂಪನಿ ಹೇಳಿದರೆ: ಆ ಮಾತನ್ನು ಕಾಗದದ ಜೊತೆ ತಾಳೆ ನೋಡುವುದು ಹೇಗೆ?

ಲೋಕಾಪುರ, ಮುಧೋಳ, ಯಾದವಾಡ ಭಾಗದವರಿಗೆ ಸುಣ್ಣದ ಕಲ್ಲಿನ ಗಣಿ ಹೊಸದಲ್ಲ. ಇಳಕಲ್ ಕಡೆಯವರಿಗೆ ಗ್ರಾನೈಟ್ ಕ್ವಾರಿಯೂ ಹೊಸದಲ್ಲ. ಗಣಿಯ ಸುದ್ದಿ ಊರಿಗೆ ಬರುವ ದಾರಿ ಮಾತ್ರ ಬದಲಾಗಿದೆ. ಮೊದಲು ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ ಕಾಣುತ್ತಿತ್ತು. ಈಗ ಕಂಪನಿ ಷೇರುಪೇಟೆಗೆ ಕೊಟ್ಟ ಪ್ರಕಟಣೆಯ ಸ್ಕ್ರೀನ್‌ಶಾಟ್ ವಾಟ್ಸಾಪ್‌ನಲ್ಲಿ ಬಂದು ಬೀಳುತ್ತದೆ. ‘ನಮ್ಮ ಗಣಿ ಯೋಜನೆಗೆ ಪರಿಸರ ಅನುಮತಿ ದೊರೆತಿದೆ’ ಎಂಬ ಒಂದೇ ಸಾಲು.

ಆ ಸಾಲನ್ನು ಬೆಳಗಾವಿಯಲ್ಲಿ ಕೂತ ಷೇರುದಾರ ಓದುತ್ತಾನೆ, ಇನ್ನಷ್ಟು ಷೇರು ಕೊಳ್ಳುತ್ತಾನೆ. ಗಣಿ ಬರುವ ಜಾಗದ ಪಕ್ಕದಲ್ಲಿ ಕಬ್ಬು ಹಾಕಿರುವ ರೈತನೂ ಓದುತ್ತಾನೆ. ‘ಎಲ್ಲಾ ಮುಗಿದು ಹೋಗಿದೆ, ಇನ್ನೇನು ಮಾಡೋದು’ ಎಂದು ಸುಮ್ಮನಾಗುತ್ತಾನೆ. ಸಾಲು ಪೂರ್ತಿ ನಿಜವಲ್ಲದಿದ್ದರೆ ಇಬ್ಬರಿಗೂ ನಷ್ಟ. ಷೇರುದಾರನಿಗೆ ದುಡ್ಡು ಹೋಗುತ್ತದೆ. ರೈತನಿಗೆ ತಕರಾರು ಹೇಳುವ ಕಾಲಾವಕಾಶವೇ ಕೈತಪ್ಪಬಹುದು. ಅದಕ್ಕೇ ಈ ಬರಹ ಇಬ್ಬರಿಗೂ ಸೇರಿ. ವಕೀಲರಿಲ್ಲದೆ, ಒಂದು ಫೋನು ಮತ್ತು ಸ್ವಲ್ಪ ತಾಳ್ಮೆ ಇಟ್ಟುಕೊಂಡು ಈ ಕೆಲಸದ ಬಹುಪಾಲು ಮಾಡಬಹುದು.

1. ಮೊದಲು ಮೂಲ ಪ್ರಕಟಣೆ ಹಿಡಿಯಿರಿ

ಸ್ಕ್ರೀನ್‌ಶಾಟ್ ನಂಬಿ ಮುಂದೆ ಹೋಗಬೇಡಿ. ಪತ್ರಿಕೆಯ ಸುದ್ದಿಯೂ ಸಾಲದು. ಕಂಪನಿ ಷೇರುಪೇಟೆಯಲ್ಲಿ ನೋಂದಾಯಿತವಾಗಿದ್ದರೆ ಬಿಎಸ್ಇ ಅಥವಾ ಎನ್ಎಸ್ಇ ವೆಬ್‌ಸೈಟಿಗೆ ಹೋಗಿ, ಕಂಪನಿಯ ಹೆಸರು ಹಾಕಿ, ‘ಕಾರ್ಪೊರೇಟ್ ಅನೌನ್ಸ್‌ಮೆಂಟ್ಸ್’ ವಿಭಾಗ ತೆರೆಯಿರಿ. ಅಲ್ಲಿ ಕಂಪನಿ ಸಹಿ ಮಾಡಿ ಕೊಟ್ಟ ಪಿಡಿಎಫ್ ಇರುತ್ತದೆ. ಬಿಎಸ್ಇಯಲ್ಲಿ ಪ್ರಕಟಣೆ ಬಂದ ಹೊತ್ತು ಗಂಟೆ, ನಿಮಿಷ, ಸೆಕೆಂಡಿನ ಲೆಕ್ಕದಲ್ಲಿ ದಾಖಲಾಗಿರುತ್ತದೆ. ಪಿಡಿಎಫ್ ಇಳಿಸಿಕೊಳ್ಳಿ, ಆ ಪುಟದ ಚಿತ್ರವನ್ನೂ ಉಳಿಸಿಕೊಳ್ಳಿ. ಮುಂದೆ ಜಗಳ ಬಂದರೆ ಈ ಹೊತ್ತೇ ಮುಖ್ಯ ಸಾಕ್ಷಿ.

ಈ ಪ್ರಕಟಣೆಗೆ ಕಾನೂನು ಇದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ, ಪೇಟೆಯಲ್ಲಿರುವ ಕಂಪನಿಗಳ ಹೊಣೆ ಮತ್ತು ಪ್ರಕಟಣೆ ಬಗ್ಗೆ ಮಾಡಿದ 2015ರ ಎಲ್ಒಡಿಆರ್ ನಿಯಮಗಳಲ್ಲಿ 30ನೇ ನಿಯಮ ನೋಡಿ. ಪ್ರಮುಖ ಪರವಾನಗಿ ಸಿಕ್ಕರೆ, ರದ್ದಾದರೆ, ಅಮಾನತಾದರೆ ಷೇರುಪೇಟೆಗೆ ತಿಳಿಸಬೇಕು ಎಂದು ಅದರ ಪಟ್ಟಿ ಹೇಳುತ್ತದೆ. 2023ರ ತಿದ್ದುಪಡಿಯ ನಂತರ ಕಂಪನಿಯ ಒಳಗಿಂದ ಹುಟ್ಟಿದ ವಿಷಯಕ್ಕೆ 12 ಗಂಟೆ, ಹೊರಗಿಂದ ಬಂದ ವಿಷಯಕ್ಕೆ 24 ಗಂಟೆ ಗಡುವು. ಸರ್ಕಾರದ ಅನುಮತಿ ಪತ್ರ ಹೊರಗಿಂದ ಬರುವುದು, ಅಲ್ವಾ? ಹಾಗಾಗಿ ಅದು ಎರಡನೆಯ ಸಾಲಿಗೆ ಸೇರುತ್ತದೆ.

ಪ್ರಕಟಣೆಯಲ್ಲಿ ಏನೇನು ಇರಬೇಕು ಎಂಬುದನ್ನೂ ಸೆಬಿ ಹೇಳಿದೆ. ಅನುಮತಿ ಕೊಟ್ಟ ಪ್ರಾಧಿಕಾರ ಯಾವುದು, ಅನುಮತಿಯ ವಿವರವೇನು, ಕಂಪನಿಗೆ ಅದರಿಂದಾಗುವ ಪರಿಣಾಮವೇನು, ಎಷ್ಟು ಕಾಲಕ್ಕೆ ಊರ್ಜಿತ. ‘ಸಂಬಂಧಪಟ್ಟ ಪ್ರಾಧಿಕಾರದಿಂದ ಅನುಮತಿ’ ಎಂದಷ್ಟೇ ಬರೆದು ಪ್ರಾಧಿಕಾರದ ಹೆಸರು, ಪತ್ರದ ಸಂಖ್ಯೆ, ದಿನಾಂಕ ಯಾವುದನ್ನೂ ಕೊಡದ ಪ್ರಕಟಣೆ ಕಂಡರೆ ಅಲ್ಲಿಂದಲೇ ಅನುಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ. ಪತ್ರ ಕೈಯಲ್ಲಿದ್ದವರಿಗೆ ಅದರ ನಂಬರ್ ಬರೆಯಲು ಏನು ಕಷ್ಟ?

ಕಂಪನಿ ಪೇಟೆಯಲ್ಲಿ ಇಲ್ಲದಿದ್ದರೆ ಅದರ ವೆಬ್‌ಸೈಟು, ಪತ್ರಿಕಾ ಜಾಹೀರಾತು ಮತ್ತು ವಾರ್ಷಿಕ ವರದಿಯೇ ಗತಿ. ಐಪಿಒಗೆ, ಅಂದರೆ ಮೊದಲ ಬಾರಿ ಜನರಿಗೆ ಷೇರು ಮಾರಲು, ಹೊರಟ ಕಂಪನಿಯಾದರೆ ಕರಡು ದಾಖಲೆಯಲ್ಲಿ ಸರ್ಕಾರಿ ಅನುಮತಿಗಳ ಅಧ್ಯಾಯವೇ ಇರುತ್ತದೆ. ಇನ್ನೂ ಸಿಗದ ಅನುಮತಿಗಳನ್ನೂ ಅಲ್ಲಿ ಪಟ್ಟಿ ಮಾಡಿರುತ್ತಾರೆ. ಅದನ್ನು ತಪ್ಪದೆ ಓದಿ.

2. ಕಡತ ಯಾವ ಮೆಟ್ಟಿಲಲ್ಲಿದೆ ನೋಡಿ

ಜಗಳದ ಮುಕ್ಕಾಲು ಭಾಗ ಹುಟ್ಟುವುದು ಇಲ್ಲಿ. ಪರಿಸರ ಅನುಮತಿ ಒಂದೇ ದಿನ ಬರುವುದಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ 14 ಸೆಪ್ಟೆಂಬರ್ 2006ರಂದು ಬಂದ ಅಧಿಸೂಚನೆ ಇದಕ್ಕೆ ಆಧಾರ. ದೊಡ್ಡ ಯೋಜನೆಗಳು ‘ಎ’ ವರ್ಗ. ಅವು ದೆಹಲಿಯ ಪರಿಸರ ಸಚಿವಾಲಯಕ್ಕೆ ಹೋಗುತ್ತವೆ. ಉಳಿದವು ‘ಬಿ’ ವರ್ಗ. ಅವನ್ನು ಬೆಂಗಳೂರಿನಲ್ಲಿರುವ ರಾಜ್ಯ ಪ್ರಾಧಿಕಾರ, ಅಂದರೆ ಎಸ್ಇಐಎಎ, ತೀರ್ಮಾನಿಸುತ್ತದೆ.

ಮೊದಲ ಕಾಗದ ಟಿಓಆರ್. ಏನೇನು ಅಧ್ಯಯನ ಮಾಡಬೇಕು ಎಂಬ ಪಟ್ಟಿ ಅಷ್ಟೇ ಅದು. ಗುದ್ದಲಿ ಹಾಕಲು ಅದರಿಂದ ಯಾವ ಹಕ್ಕೂ ಬರುವುದಿಲ್ಲ. ಆದರೂ ‘ಸಚಿವಾಲಯದಿಂದ ಟಿಓಆರ್ ಅನುಮೋದನೆ’ ಎಂಬ ಪ್ರಕಟಣೆ ಕೈಯಿಂದ ಕೈಗೆ ಹೋಗುವಷ್ಟರಲ್ಲಿ ‘ಸಚಿವಾಲಯದ ಅನುಮೋದನೆ’ ಆಗಿಬಿಡುತ್ತದೆ. ಟಿಓಆರ್ ಆದ ಮೇಲೆ ಕರಡು ಅಧ್ಯಯನ ವರದಿ, ಸಾರ್ವಜನಿಕ ಆಲಿಕೆ (ಊರವರ ಅಹವಾಲು ಕೇಳುವ ಸಭೆ), ಅಂತಿಮ ವರದಿ. ಆಮೇಲೆ ತಜ್ಞರ ಸಮಿತಿ ಪರಿಶೀಲನೆ ಮಾಡುತ್ತದೆ.

ತಜ್ಞರ ಸಮಿತಿ ‘ಅನುಮತಿ ಕೊಡಬಹುದು’ ಎಂದು ಶಿಫಾರಸು ಮಾಡಿದ ದಿನ ಕಂಪನಿಗೆ ಸಂಭ್ರಮ ಇರುತ್ತದೆ, ಸಹಜ. ಆದರೆ ಶಿಫಾರಸು ಅನುಮತಿ ಅಲ್ಲ. ಅದರ ಮೇಲೆ ಸಚಿವಾಲಯ ಅಥವಾ ರಾಜ್ಯ ಪ್ರಾಧಿಕಾರ ತೀರ್ಮಾನ ತೆಗೆದುಕೊಳ್ಳಬೇಕು. ಅಧಿಸೂಚನೆಯ ಪ್ರಕಾರ ಅಂತಿಮ ವರದಿ ಕೈಸೇರಿದ ಮೇಲೆ ಸಮಿತಿಗೆ 60 ದಿನ, ಪ್ರಾಧಿಕಾರಕ್ಕೆ 45 ದಿನ. ಪ್ರಾಧಿಕಾರ ಕಡತವನ್ನು ಸಮಿತಿಗೆ ವಾಪಸ್ ಕಳಿಸಲೂಬಹುದು. ಪತ್ರ ಹೊರಬಿದ್ದ ದಿನವೇ ಅನುಮತಿಯ ದಿನ. ಶಿಫಾರಸಿನ ದಿನವೇ ‘ಅನುಮತಿ ದೊರೆತಿದೆ’ ಎಂದು ಹೇಳಿದ್ದರೆ ಅದನ್ನು ಪ್ರಶ್ನಿಸಲು ನಿಮಗೆ ಗಟ್ಟಿ ಆಧಾರ ಸಿಕ್ಕಂತೆ. ಗಡುವು ಮೀರಿದರೆ ಸಮಿತಿಯ ಶಿಫಾರಸಿನಂತೆ ನಡೆದುಕೊಳ್ಳಬಹುದು ಎಂಬ ಸಾಲೂ ಅಧಿಸೂಚನೆಯಲ್ಲಿದೆ. ಕಂಪನಿ ಅದನ್ನು ನಂಬಿಕೊಂಡಿದ್ದರೆ ಪ್ರಕಟಣೆಯಲ್ಲಿ ಹಾಗೆಂದೇ ಬಿಡಿಸಿ ಬರೆಯಬೇಕು.

3. ಪರಿವೇಶ್‌ನಲ್ಲಿ ಅನುಮತಿ ಪತ್ರ ಹುಡುಕಿ

2018ರಿಂದ ಅರ್ಜಿ, ವರದಿ, ಸಭೆಯ ನಡಾವಳಿ, ಅನುಮತಿ ಪತ್ರ ಎಲ್ಲ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ಗೆ ಬರುತ್ತವೆ. ಲಾಗಿನ್ ಇಲ್ಲದೆ ಹುಡುಕಬಹುದು. ರಾಜ್ಯ ಕರ್ನಾಟಕ, ವಿಭಾಗ ಗಣಿಗಾರಿಕೆ ಎಂದು ಆರಿಸಿ, ಕಂಪನಿಯ ಹೆಸರಿನ ಒಂದೇ ಪದ ಹಾಕಿ. ಪೂರ್ತಿ ಹೆಸರು ಹಾಕಿದರೆ ಒಂದು ಚುಕ್ಕೆ ವ್ಯತ್ಯಾಸವಾದರೂ ಸಿಗದೆ ಹೋಗಬಹುದು. ರಾಜ್ಯ ಮಟ್ಟದ ಗಣಿ ಅರ್ಜಿಗಳ ಸಂಖ್ಯೆ ಎಸ್ಐಎ/ಕೆಎ/ಎಂಐಎನ್ ಎಂದು ಶುರುವಾಗುತ್ತದೆ, ಕೇಂದ್ರದ್ದು ಐಎ/ಕೆಎ/ಎಂಐಎನ್ ಎಂದು. ಈ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದೆ ಪ್ರತಿ ಅರ್ಜಿಯಲ್ಲೂ, ಪ್ರತಿ ದೂರಿನಲ್ಲೂ ಬೇಕಾಗುತ್ತದೆ.

ಪತ್ರದ ಜೊತೆ ಅರ್ಜಿ ನಮೂನೆಯನ್ನೂ ಇಳಿಸಿಕೊಳ್ಳಿ. ಕಂಪನಿ ಸರ್ಕಾರಕ್ಕೆ ಏನು ಹೇಳಿದೆ, ಷೇರುದಾರರಿಗೆ ಏನು ಹೇಳಿದೆ ಎಂದು ಹೋಲಿಸಲು ಅದು ಬೇಕು. ಹಳೆಯ ಕಡತವಾದರೆ ಪೋರ್ಟಲ್‌ನಲ್ಲಿ ಸಿಗದೆ ಇರಬಹುದು. ಅದಕ್ಕೆ ಮಾಹಿತಿ ಹಕ್ಕು ಇದೆ, ಮುಂದೆ ಹೇಳುತ್ತೇನೆ.

4. ಎರಡೂ ಕಾಗದ ಪಕ್ಕಪಕ್ಕ ಇಡಿ

ಈ ಹಂತದಲ್ಲಿ ಅವಸರ ಬೇಡ. ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಕಂಪನಿಯೊಂದು ‘ಲೋಕಾಪುರ ಸಮೀಪದ ನಮ್ಮ ಗಣಿಯಿಂದ ವರ್ಷಕ್ಕೆ 1.2 ಮಿಲಿಯನ್ ಟನ್ ಸುಣ್ಣದ ಕಲ್ಲು ತೆಗೆಯಲು ಪರಿಸರ ಅನುಮತಿ ದೊರೆತಿದೆ’ ಎಂದು ಪ್ರಕಟಿಸಿದೆ ಎನ್ನಿ.

ಅನುಮತಿ ಪತ್ರ ತೆರೆದರೆ ಎರಡು ಅಂಕಿ ಕಾಣುತ್ತವೆ. ಸುಣ್ಣದ ಕಲ್ಲು ವರ್ಷಕ್ಕೆ 8,00,000 ಟನ್. ಮೇಲ್ಮಣ್ಣು ಮತ್ತು ತ್ಯಾಜ್ಯ ಕಲ್ಲು ಸೇರಿ ಒಟ್ಟು ಅಗೆತ 12,00,000 ಟನ್. ಒಂದು ಮಿಲಿಯನ್ ಅಂದರೆ 10 ಲಕ್ಷ. 1.2 ಮಿಲಿಯನ್ ಅಂದರೆ 12 ಲಕ್ಷ. ಕಂಪನಿ ಬರೆದ ಅಂಕಿ ಪತ್ರದಲ್ಲಿ ಇರುವುದು ನಿಜ. ಆದರೆ ಅದು ಮಾರುವ ಕಲ್ಲಿನ ಅಂಕಿ ಅಲ್ಲ, ಮಣ್ಣು ಸಮೇತ ಅಗೆಯುವ ಅಂಕಿ. ಷೇರುದಾರ ಲೆಕ್ಕ ಹಾಕಬೇಕಾದ್ದು 8 ಲಕ್ಷದ ಮೇಲೆ. ರೈತ ಯೋಚಿಸಬೇಕಾದ್ದು 12 ಲಕ್ಷದ ಬಗ್ಗೆ, ಏಕೆಂದರೆ ಉಳಿದ 4 ಲಕ್ಷ ಟನ್ ಎಲ್ಲೋ ಗುಡ್ಡೆಯಾಗಿ ಬೀಳಬೇಕಲ್ಲ.

ಇನ್ನು ಜಾಗ. ಪತ್ರದಲ್ಲಿ 48 ಹೆಕ್ಟೇರ್ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಸುಮಾರು 118 ಎಕರೆ 24 ಗುಂಟೆ. ಒಂದು ಹೆಕ್ಟೇರಿಗೆ 2.471 ಎಕರೆ ಎಂದು ಗುಣಿಸಿ. ಆಮೇಲೆ ಸರ್ವೆ ನಂಬರ್‌ಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ನಂಬರಿನ ಮುಂದೆ ‘ಭಾಗ’ ಎಂದು ಇದೆಯಾ ನೋಡಿ. ಇದ್ದರೆ ಆ ಸರ್ವೆ ನಂಬರಿನ ಅಷ್ಟೂ ಜಮೀನಿಗೆ ಅನುಮತಿ ಇಲ್ಲ. ಸರ್ಕಾರದ ಭೂ ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗಕ್ಕೆ ಹೋಗಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಪಹಣಿ ತೆಗೆದು ಯಾರ ಹೆಸರಿನಲ್ಲಿದೆ, ಗೋಮಾಳವಾ, ಅರಣ್ಯವಾ, ಪಟ್ಟಾ ಜಮೀನಾ ನೋಡಿ. ಅರ್ಜಿಯಲ್ಲಿ ‘ಅರಣ್ಯ ಭೂಮಿ ಇಲ್ಲ’ ಎಂದು ಬರೆದು, ಪಹಣಿಯಲ್ಲಿ ಅರಣ್ಯ ಇಲಾಖೆ ಹೆಸರಿದ್ದರೆ ಅದು ಸಣ್ಣ ವಿಷಯ ಅಲ್ಲ. ಬೇಕೆಂದೇ ಮಾಹಿತಿ ಮುಚ್ಚಿಟ್ಟರೆ ಅಥವಾ ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕರಿಸಬಹುದು, ಕೊಟ್ಟ ಅನುಮತಿಯನ್ನೂ ರದ್ದು ಮಾಡಬಹುದು ಎಂದು 2006ರ ಅಧಿಸೂಚನೆಯ 8ನೇ ಪ್ಯಾರಾ ಹೇಳುತ್ತದೆ.

ಹೆಸರೂ ನೋಡಿ. ಪತ್ರ ಕಂಪನಿಯ ಹೆಸರಿನಲ್ಲೇ ಇದೆಯಾ, ಅಂಗಸಂಸ್ಥೆಯದಾ, ಹಳೆಯ ಗುತ್ತಿಗೆದಾರನದಾ? ಅನುಮತಿ ವರ್ಗಾಯಿಸಲು ಅವಕಾಶವಿದೆ, ಅದಕ್ಕೆ ಪ್ರಾಧಿಕಾರದ ಪತ್ರ ಇರುತ್ತದೆ. ಅದನ್ನು ಕೇಳಿ. ಪತ್ರ ಹೊಸ ಗಣಿಗಾ, ವಿಸ್ತರಣೆಗಾ ಎಂಬುದೂ ಮುಖ್ಯ.

ಕೊನೆಗೆ ಷರತ್ತುಗಳು. ಪತ್ರದ ಮೊದಲ ಎರಡು ಪುಟ ಓದಿ ಬಿಡುವವರೇ ಜಾಸ್ತಿ. ನಿಜವಾದ ವಿಷಯ ಹಿಂದಿನ ಪುಟಗಳಲ್ಲಿ ಇರುತ್ತದೆ. ಬ್ಲಾಸ್ಟಿಂಗ್ ಯಾವ ಹೊತ್ತಲ್ಲಿ, ಅಂತರ್ಜಲ ಮಟ್ಟ ಮುಟ್ಟಬಹುದಾ, ಹಳ್ಳದಿಂದ ಎಷ್ಟು ದೂರ, ಲಾರಿ ಯಾವ ರಸ್ತೆಯಲ್ಲಿ. ‘ಇಂಥ ಅನುಮತಿ ಸಿಗುವವರೆಗೆ ಕೆಲಸ ಆರಂಭಿಸುವಂತಿಲ್ಲ’ ಎಂಬ ಷರತ್ತು ಇದ್ದು, ಪ್ರಕಟಣೆಯಲ್ಲಿ ‘ಮುಂದಿನ ತಿಂಗಳಿಂದ ಉತ್ಪಾದನೆ’ ಎಂದಿದ್ದರೆ ಎರಡೂ ಸಾಲಿಗೆ ಕೆಂಪು ಗೆರೆ ಎಳೆಯಿರಿ.

ಅಂಕಿ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2 ಆಗಸ್ಟ್ 2017ರಂದು ಒಡಿಶಾದ ಗಣಿಗಳ ಕುರಿತ ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪರಿಸರ ಅನುಮತಿ ಇಲ್ಲದೆ ಅಥವಾ ಅದರ ಮಿತಿ ಮೀರಿ ತೆಗೆದ ಅದಿರು ಅಕ್ರಮ, ಅದರ ಪೂರ್ತಿ ಬೆಲೆ ವಸೂಲಿ ಮಾಡಬೇಕು ಎಂದಿತು. ಆ ಮಿತಿಯ ಅಂಕಿ ಎಷ್ಟು ತೂಕದ್ದು ಎಂಬುದು ಇದರಿಂದ ಗೊತ್ತಾಗುತ್ತದೆ.

5. ಪರಿಸರ ಅನುಮತಿ ಒಂದೇ ಸಾಕಾ?

ಸಾಕಾಗುವುದಿಲ್ಲ. ಗಣಿ ಗುತ್ತಿಗೆ ಬೇಕು, ಗಣಿ ಯೋಜನೆಗೆ ಒಪ್ಪಿಗೆ ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಅರಣ್ಯ ಭೂಮಿ ಸೇರಿದ್ದರೆ 1980ರ ಅರಣ್ಯ ಕಾಯ್ದೆಯ ಕೆಳಗೆ ಎರಡು ಹಂತದ ಒಪ್ಪಿಗೆ ಬೇಕು. ಮೊದಲ ಹಂತ ತಾತ್ವಿಕ, ಎರಡನೆಯದು ಅಂತಿಮ. ನಮ್ಮ ಭಾಗದಲ್ಲಿ ಬೀಳಗಿ ಮುಧೋಳ ನಡುವೆ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ, ಖಾನಾಪುರ ಕಡೆ ಭೀಮಗಡ ಇದೆ. ಇವುಗಳ ಹತ್ತಿರದ ಯೋಜನೆಯಾದರೆ ವನ್ಯಜೀವಿ ಮಂಡಳಿಯ ಪ್ರಶ್ನೆಯೂ ಬರಬಹುದು.

ಒಡಿಶಾದ ನಿಯಮಗಿರಿ ಇದಕ್ಕೆ ದೊಡ್ಡ ಪಾಠ. ವೇದಾಂತ ಸಮೂಹದ ಅಲ್ಯೂಮಿನಾ ಕಾರ್ಖಾನೆಗಾಗಿ ಅಲ್ಲಿ ಬಾಕ್ಸೈಟ್ ಗಣಿ ಮಾಡಲು 2009ರಲ್ಲಿ ಪರಿಸರ ಅನುಮತಿ ಸಿಕ್ಕಿತ್ತು. ಆದರೆ 24 ಆಗಸ್ಟ್ 2010ರಂದು ಎರಡನೇ ಹಂತದ ಅರಣ್ಯ ಒಪ್ಪಿಗೆಯನ್ನು ಸಚಿವಾಲಯ ನಿರಾಕರಿಸಿತು. 18 ಏಪ್ರಿಲ್ 2013ರಂದು ಸುಪ್ರೀಂ ಕೋರ್ಟ್ ವಿಷಯವನ್ನು ಗ್ರಾಮಸಭೆಗಳ ಮುಂದೆ ಇಡಲು ಹೇಳಿತು. 12 ಗ್ರಾಮಸಭೆಗಳೂ ಬೇಡ ಎಂದವು. 2014ರ ಜನವರಿಯಲ್ಲಿ ಸಚಿವಾಲಯ ಅಂತಿಮವಾಗಿ ಇಲ್ಲ ಎಂದಿತು. 2009ರ ಒಂದು ಪತ್ರ ನೋಡಿ ‘ಗಣಿ ಆಗೇ ಹೋಯಿತು’ ಎಂದುಕೊಂಡವರ ಲೆಕ್ಕ ತಪ್ಪಿತ್ತು.

ಆದ್ದರಿಂದ ಪ್ರಕಟಣೆಯಲ್ಲಿ ‘ಎಲ್ಲ ಅನುಮತಿಗಳು’ ಎಂಬ ಮಾತಿದ್ದರೆ ಒಂದೊಂದರ ಸಂಖ್ಯೆ, ದಿನಾಂಕ ಕೇಳಿ.

6. ಊರಲ್ಲೇ ಸಿಗುವ ಸಾಕ್ಷಿ

ಆಲಿಕೆ ಕಡ್ಡಾಯವಾದ ಯೋಜನೆಯಾದರೆ ಅದರ ಗುರುತು ಊರಲ್ಲಿ ಇದ್ದೇ ಇರುತ್ತದೆ. ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಸಭೆ ನಡೆಸಬೇಕು, ಇಡೀ ಸಭೆಯ ವಿಡಿಯೋ ಆಗಬೇಕು. ನಡಾವಳಿಯನ್ನು ಅಲ್ಲೇ ಓದಿ ಹೇಳಬೇಕು. ಬಾಗಲಕೋಟೆಯವರಾದರೆ ನವನಗರದ ಡಿಸಿ ಆಫೀಸು, ಜಿಲ್ಲಾ ಪಂಚಾಯಿತಿ ಮತ್ತು ಮಾಲಿನ್ಯ ಮಂಡಳಿಯಲ್ಲಿ ಕೇಳಿ. ‘ಬಿ’ ವರ್ಗದಲ್ಲೇ ಸಣ್ಣವಾದ ‘ಬಿ2’ ಗಣಿಗಳಿಗೆ ಆಲಿಕೆ ಇರುವುದಿಲ್ಲ. ಖಡಿ ಕ್ವಾರಿಗಳಲ್ಲಿ ಇದು ಸಾಮಾನ್ಯ. ಆದರೆ ಪಕ್ಕಪಕ್ಕದ ಕ್ವಾರಿಗಳ ಅಂತರ 500 ಮೀಟರಿಗಿಂತ ಕಡಿಮೆ ಇದ್ದರೆ ಅವನ್ನು ಒಟ್ಟಾಗಿ ನೋಡಬೇಕು ಎಂಬ ನಿಯಮ ಮರೆಯಬೇಡಿ.

ಅನುಮತಿ ಬಂದ ಮೇಲೆ ಕಂಪನಿ ಅದನ್ನು ಸ್ಥಳೀಯ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ತಿಳಿಸಬೇಕು, ಪ್ರತಿಯನ್ನು ಪಂಚಾಯಿತಿಗೆ ಕೊಡಬೇಕು. ಪಿಡಿಓ ಹತ್ತಿರ ಹೋಗಿ ಆವಕ ರಿಜಿಸ್ಟರ್ ನೋಡಿ. ಪತ್ರ ಎಂದು ಬಂದಿದೆ ಎಂಬ ದಿನಾಂಕ ಅಲ್ಲಿರುತ್ತದೆ. ಗಣಿ ನಡೆಯುತ್ತಿದ್ದರೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ.

7. ಸಿಗದ ಕಾಗದಕ್ಕೆ ಮಾಹಿತಿ ಹಕ್ಕು

ಶುಲ್ಕ ₹10. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ‘ಗಣಿಯ ಎಲ್ಲ ಮಾಹಿತಿ ಕೊಡಿ’ ಎಂದು ಬರೆಯಬೇಡಿ. ‘ಇಂಥ ಸಂಖ್ಯೆಯ ಪ್ರಸ್ತಾವದ ಅನುಮತಿ ಪತ್ರ, ಅದನ್ನು ತೀರ್ಮಾನಿಸಿದ ಸಭೆಯ ನಡಾವಳಿ ಮತ್ತು ಪತ್ರ ಕಳುಹಿಸಿದ ದಿನಾಂಕದ ದೃಢೀಕೃತ ಪ್ರತಿ’ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೊದಲ ಮೇಲ್ಮನವಿ. ‘ವ್ಯಾಪಾರ ರಹಸ್ಯ’ ಎಂಬ ಕಾರಣ ಕೊಟ್ಟರೆ, ಅನುಮತಿ ಪತ್ರ ಪೋರ್ಟಲ್‌ನಲ್ಲೇ ಹಾಕಬೇಕಾದ ದಾಖಲೆ ಎಂದು ಉತ್ತರ ಬರೆಯಿರಿ.

8. ವ್ಯತ್ಯಾಸ ಕಂಡರೆ ಯಾರಿಗೆ ಬರೆಯಬೇಕು

ಮೊದಲು ಕಂಪನಿಗೇ ಬರೆಯಿರಿ. ಪ್ರಕಟಣೆಯ ಕೊನೆಯಲ್ಲಿ ಸಹಿ ಮಾಡಿದ ಕಂಪನಿ ಸೆಕ್ರೆಟರಿ ಅಥವಾ ಕಂಪ್ಲಯನ್ಸ್ ಅಧಿಕಾರಿಗೆ ಇಮೇಲ್ ಮಾಡಿ. ‘ನೀವು ಮೋಸ ಮಾಡಿದ್ದೀರಿ’ ಎಂದು ಶುರು ಮಾಡಬೇಡಿ. ಮಾನನಷ್ಟದ ನೋಟಿಸಿಗೆ ದಾರಿ ಮಾಡಿಕೊಟ್ಟಂತೆ ಆಗುತ್ತದೆ, ಉತ್ತರವೂ ಸಿಗುವುದಿಲ್ಲ. ಹೀಗೆ ಬರೆಯಬಹುದು: ‘ತಾವು ಇಂಥ ದಿನ ಷೇರುಪೇಟೆಗೆ ಕೊಟ್ಟ ಪ್ರಕಟಣೆಯಲ್ಲಿ ವರ್ಷಕ್ಕೆ 12 ಲಕ್ಷ ಟನ್ ಎಂದಿದೆ. ಇಂಥ ಸಂಖ್ಯೆಯ ಅನುಮತಿ ಪತ್ರದ ಎರಡನೇ ಪುಟದಲ್ಲಿ ಸುಣ್ಣದ ಕಲ್ಲು 8 ಲಕ್ಷ ಟನ್ ಎಂದಿದೆ. ಯಾವುದು ಸರಿ, ಪ್ರಕಟಣೆಯನ್ನು ತಿದ್ದುತ್ತೀರಾ ಎಂದು ತಿಳಿಸಿ.’ ಎರಡೂ ಪುಟ ಲಗತ್ತಿಸಿ. ಊರಿನ ಪರವಾಗಿ ಬರೆಯುವುದಾದರೆ ಗ್ರಾಮ ಪಂಚಾಯಿತಿಯ ಠರಾವು ಜೊತೆಗಿದ್ದರೆ ತೂಕ ಹೆಚ್ಚು.

ಉತ್ತರ ಬಾರದಿದ್ದರೆ, ಅಥವಾ ಹಾರಿಕೆಯ ಉತ್ತರ ಬಂದರೆ, ಷೇರುದಾರರು ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಪ್ಯಾನ್ ಸಂಖ್ಯೆ ಬೇಕು. ಕಂಪನಿ 21 ದಿನದೊಳಗೆ ಕ್ರಮದ ವರದಿ ಕೊಡಬೇಕು. ತೃಪ್ತಿ ಆಗದಿದ್ದರೆ 15 ದಿನದೊಳಗೆ ಮರುಪರಿಶೀಲನೆ ಕೇಳಿ. ಕಂಪನಿ ‘ಈ ಅನುಮತಿ ಅಷ್ಟು ಮುಖ್ಯವಲ್ಲ, ಅದಕ್ಕೇ ವಿವರ ಹೇಳಲಿಲ್ಲ’ ಎನ್ನಬಹುದು. ಮುಖ್ಯ ಯಾವುದು ಎಂದು ಅಳೆಯಲು ವಹಿವಾಟಿನ ಶೇ 2, ನಿವ್ವಳ ಮೌಲ್ಯದ ಶೇ 2, ಮೂರು ವರ್ಷದ ಸರಾಸರಿ ಲಾಭ ಅಥವಾ ನಷ್ಟದ ಶೇ 5, ಇವುಗಳಲ್ಲಿ ಕಡಿಮೆಯದನ್ನು ನಿಯಮ ಹಿಡಿಯುತ್ತದೆ. ವಾರ್ಷಿಕ ವರದಿ ತೆಗೆದು ಲೆಕ್ಕ ಹಾಕಿ.

ಒಂದು ಎಚ್ಚರಿಕೆ. ಇನ್ನೂ ಯಾರಿಗೂ ಗೊತ್ತಿಲ್ಲದ ಮಾಹಿತಿ ಆಫೀಸಿನ ಒಳಗಿನವರಿಂದ ಕಿವಿಗೆ ಬಿದ್ದರೆ ಅದರ ಮೇಲೆ ಷೇರು ಕೊಳ್ಳುವುದು, ಮಾರುವುದು ಮಾಡಬೇಡಿ. ಒಳವ್ಯವಹಾರದ ನಿಯಮ ನಿಮಗೂ ತಗುಲುತ್ತದೆ. ಪೋರ್ಟಲ್‌ನಲ್ಲಿ ಎಲ್ಲರಿಗೂ ಸಿಗುವ ಪತ್ರ ಓದಿ ತೀರ್ಮಾನ ಮಾಡಿದರೆ ತೊಂದರೆ ಇಲ್ಲ.

ಜಮೀನು, ನೀರು, ಧೂಳಿನ ವಿಷಯವಾದರೆ ಸೆಬಿ ಏನೂ ಮಾಡುವುದಿಲ್ಲ. ಅನುಮತಿ ಕೊಟ್ಟ ಪ್ರಾಧಿಕಾರ, ಸಚಿವಾಲಯದ ಬೆಂಗಳೂರು ಪ್ರಾದೇಶಿಕ ಕಚೇರಿ, ಮಾಲಿನ್ಯ ಮಂಡಳಿ ಮತ್ತು ಡಿಸಿಗೆ ಒಂದೇ ಪತ್ರದ ಪ್ರತಿ ಕಳಿಸಿ. ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ.

9. ಹಸಿರು ನ್ಯಾಯಮಂಡಳಿಯ ಗಡುವು

ರೈತರು ಈ ಭಾಗವನ್ನು ಮತ್ತೊಮ್ಮೆ ಓದಬೇಕು. ಪರಿಸರ ಅನುಮತಿಯನ್ನೇ ಪ್ರಶ್ನಿಸಬೇಕಾದರೆ 2010ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಆದೇಶ ತಿಳಿದ ದಿನದಿಂದ 30 ದಿನದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬೇಕು. ತಕ್ಕ ಕಾರಣ ಕೊಟ್ಟರೆ ಇನ್ನೂ 60 ದಿನ ಸಿಗಬಹುದು. ಅದಾದ ಮೇಲೆ ಬಾಗಿಲು ಮುಚ್ಚುತ್ತದೆ. ಅನುಮತಿ ‘ತಿಳಿದ ದಿನ’ ಯಾವುದು ಎಂಬುದೇ ಅಲ್ಲಿ ಮೊದಲ ವಾದವಾಗುತ್ತದೆ. ಕಂಪನಿ ಪ್ರಕಟಣೆಯ ಹೊತ್ತು, ಪೋರ್ಟಲ್‌ಗೆ ಪತ್ರ ಬಿದ್ದ ದಿನ, ಪತ್ರಿಕೆಯ ಜಾಹೀರಾತು, ಪಂಚಾಯಿತಿಯ ಆವಕ ರಿಜಿಸ್ಟರ್, ಇವೆಲ್ಲ ಬೇಕಾಗುವುದು ಆಗ. ಅನುಮತಿಯನ್ನಲ್ಲ, ಷರತ್ತು ಮುರಿದದ್ದನ್ನು ಪ್ರಶ್ನಿಸುವುದಾದರೆ 14ನೇ ಸೆಕ್ಷನ್ ಇದೆ. ಅದಕ್ಕೆ 6 ತಿಂಗಳು.

ಕರ್ನಾಟಕದ ಪ್ರಕರಣಗಳು ಚೆನ್ನೈನ ದಕ್ಷಿಣ ಪೀಠಕ್ಕೆ ಹೋಗುತ್ತವೆ. ಪರಿಹಾರದ ಹಣ ಕೇಳದಿದ್ದರೆ ಶುಲ್ಕ ₹1,000. ನೀವೇ ನಿಂತು ವಾದಿಸಬಹುದು, ಆದರೆ ಗಡುವಿನ ಪ್ರಶ್ನೆ ಇದ್ದಾಗ ವಕೀಲರನ್ನು ಹಿಡಿಯುವುದೇ ಒಳ್ಳೆಯದು. ಪಹಣಿ, ಠರಾವು, ಕನ್ನಡ ಪತ್ರಿಕೆಯ ಜಾಹೀರಾತು, ಆಲಿಕೆಯ ನಡಾವಳಿ, ಇವುಗಳ ಇಂಗ್ಲಿಷ್ ಅನುವಾದ ಅಲ್ಲಿ ಕೊಡಬೇಕಾಗುತ್ತದೆ. ಅನುವಾದಕ್ಕೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ. ಕಾಗದ ಕೈಗೆ ಬಂದ ವಾರವೇ ಅದಕ್ಕೆ ಕೊಟ್ಟುಬಿಡಿ.